ಸಹಿಗೆ ಮೊದಲು ಎರಡು ಕುರ್ಚಿ

ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಸಂಶೋಧನೆಗೆ ತಂದೆ ತಾಯಿಯ ಒಪ್ಪಿಗೆ ಕೇಳುವುದು ನನ್ನ ಕೆಲಸ. ಮೊದಲ ವರ್ಷ ಅದನ್ನು ವೆಂಟಿಲೇಟರಿನ ಪಕ್ಕದಲ್ಲಿ ನಿಂತುಕೊಂಡೇ ಮಾಡುತ್ತಿದ್ದೆ. ಡೆಂಗಿಯಿಂದ ರಕ್ತಸಂಚಾರ ಕುಸಿದು ಆಘಾತಕ್ಕೊಳಗಾಗಿದ್ದ ಹುಡುಗಿಯೊಬ್ಬಳ ತಂದೆ ಕಾಗದವನ್ನು ಓದದೆ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಬಂದು, "ನಿನ್ನೆ ಸಹಿ ಹಾಕದಿದ್ದರೆ ಮಗಳಿಗೆ ಔಷಧಿ ನಿಲ್ಲಿಸುತ್ತಿದ್ದಿರಾ?" ಎಂದು ಕೇಳಿದರು. ನನಗೆ ಮೈ ತಣ್ಣಗಾಯಿತು. ಅವರೊಡನೆ ಕುಳಿತು, ಬೇಡವೆಂದರೂ ಚಿಕಿತ್ಸೆಗೆ ಕಿಂಚಿತ್ತೂ ಕೊರತೆಯಾಗದು ಎಂದು ಮೊದಲಿನಿಂದ ವಿವರಿಸಿದೆ. ಅವರು ಬೇಡ ಎಂದರು. ಆ ಒಪ್ಪಿಗೆಯನ್ನು ಅಂದೇ ರದ್ದು ಮಾಡಿದೆವು.

ಆಮೇಲೆ ಯಂತ್ರಗಳ ಸದ್ದು ಕೇಳದ ಕಡೆ, ಕಾರಿಡಾರಿನ ಕೊನೆಯಲ್ಲಿ ಎರಡು ಕುರ್ಚಿ ಹಾಕಿಸಿದೆ. ಮೊದಲ ಮಾತು "ಊಟವಾಯಿತೇ?" ಎಂದೇ. ಒಪ್ಪಿಗೆಯ ನಮೂನೆಯಲ್ಲಿದ್ದ "ಯಾದೃಚ್ಛಿಕ ಹಂಚಿಕೆ"ಯನ್ನು ಬದಿಗಿಟ್ಟು, "ಚೀಟಿ ಎತ್ತಿದ ಹಾಗೆ, ಮಗು ಯಾವ ಚಿಕಿತ್ಸೆಯ ಗುಂಪಿಗೆಂದು ನಾನೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ" ಎನ್ನುತ್ತೇನೆ. ಕೊನೆಗೆ, "ಇದನ್ನು ಮನೆಯಲ್ಲಿ ಅಜ್ಜಿಗೆ ಹೇಗೆ ಹೇಳುತ್ತೀರಿ?" ಎಂದು ಕೇಳುತ್ತೇನೆ. ನನ್ನ ವಿವರಣೆ ಎಲ್ಲಿ ಎಡವಿತೆಂಬುದು ಅವರ ಉತ್ತರದಲ್ಲಿ ತಿಳಿಯುತ್ತದೆ.

"ಯಾವುದು ಒಳ್ಳೆಯದೆಂದು ಡಾಕ್ಟರಿಗೇ ಗೊತ್ತಿಲ್ಲವೇ?" ಎಂದು ಬಹಳ ಮಂದಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆಗ ಕೆನ್ಯಾ, ಉಗಾಂಡ, ಟಾಂಜಾನಿಯಾಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಫೀಸ್ಟ್ ಎಂಬ ಅಧ್ಯಯನದ ಕಥೆ ಹೇಳುತ್ತೇನೆ. ಜ್ವರದ ಜೊತೆಗೆ ರಕ್ತಸಂಚಾರ ಕುಗ್ಗಿದ ಮಗುವಿಗೆ ರಕ್ತನಾಳದ ಮೂಲಕ ದ್ರವವನ್ನು ವೇಗವಾಗಿ ಹರಿಸುವುದೇ ಸರಿಯೆಂದು ವೈದ್ಯರು ನಂಬಿದ್ದರು. 3,141 ಮಕ್ಕಳಲ್ಲಿ ಹೋಲಿಸಿ ನೋಡಿದಾಗ, ಹಾಗೆ ಹರಿಸಿದ ಎರಡು ಗುಂಪುಗಳಲ್ಲಿ 48 ಗಂಟೆಯೊಳಗೆ ತೀರಿಕೊಂಡವರು ನೂರಕ್ಕೆ 10ಕ್ಕಿಂತ ಹೆಚ್ಚು. ಹರಿಸದ ಗುಂಪಿನಲ್ಲಿ ಸುಮಾರು 7. ಹೋಲಿಸದೆ ಇದ್ದಿದ್ದರೆ ಆ ನಂಬಿಕೆ ಹಾಗೆಯೇ ಮುಂದುವರಿಯುತ್ತಿತ್ತು.

ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ. ಎಚ್ಚರವಿಲ್ಲದವನನ್ನು ಏನೆಂದು ಕೇಳುವುದು? ಚೇತರಿಸಿಕೊಂಡ ಮೇಲೆ ಕೇಳುತ್ತೇನೆ. ಒಂಬತ್ತರ ಹುಡುಗನೊಬ್ಬ ಕೈಯ ಪ್ಲಾಸ್ಟರನ್ನು ಉಗುರಿನಿಂದ ಕೆರೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡ. "ನನ್ನ ರಕ್ತ ಇನ್ನೂ ಫ್ರಿಜ್ಜಿನಲ್ಲಿದೆಯಾ?" ಎಂದ. ಇದೆ ಎಂದೆ. "ಅದನ್ನು ಇಟ್ಟುಕೊಳ್ಳಿ. ಇನ್ನೊಮ್ಮೆ ಚುಚ್ಚಬೇಡಿ."

ತಾಯಿ ನನ್ನ ಮುಖ ನೋಡಿದರು. ಅಧ್ಯಯನಕ್ಕೆ ಮೂರು ತಿಂಗಳ ನಂತರ ಇನ್ನೊಂದು ರಕ್ತದ ಮಾದರಿ ತೆಗೆಯಬೇಕಿತ್ತು. ನಮೂನೆಯಲ್ಲಿ ಅದರ ಎದುರು "ಮಗುವಿನ ಸಮ್ಮತಿ ಇಲ್ಲ" ಎಂದು ಬರೆದು, ಅವನಿಗೆ ಓದಿ ಹೇಳಿದೆ.