ಚಳಿ ನುಗ್ಗುವ ಸಂದಿಗಳಿಗೆ ನಾಲ್ಕು ಉಂಡೆ ಉಲ್ಲನ್

ಚಳಿ ಶುರುವಾದ ಕೂಡಲೇ ಹೆಣಿಗೆ ಕಲಿಯಬೇಕು ಅನ್ನುವ ಹುಮ್ಮಸ್ಸು ತುಂಬಾ ಜನರಿಗೆ ಬರುತ್ತದೆ. ಬಂದವರು ನೇರವಾಗಿ ಸ್ವೆಟರ್‌ಗೇ ಕೈ ಹಾಕುತ್ತಾರೆ. ಬೆನ್ನಿನ ಭಾಗ ಅರ್ಧ ಮುಗಿಯುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಆ ಅರ್ಧ ಬೆನ್ನು ಕಡ್ಡಿ ಸಮೇತ ಚೀಲ ಸೇರುತ್ತದೆ. ಮುಂದಿನ ವರ್ಷ ತೆಗೆದರೆ ಎಷ್ಟು ಕುಣಿಕೆ, ಯಾವ ಸಾಲು, ಒಂದೂ ನೆನಪಿರುವುದಿಲ್ಲ. ನನ್ನ ಪೆಟ್ಟಿಗೆಯಲ್ಲೂ ಅಂಥ ಎರಡು ಬೆನ್ನು ಇದ್ದವು, ಸುಳ್ಳು ಯಾಕೆ ಹೇಳಲಿ.

ಚಳಿ ಮೈಗೆ ಬರುವುದು ಸಂದಿಗಳಿಂದ. ಕೋಟು ಎಷ್ಟೇ ದಪ್ಪ ಇರಲಿ, ಕತ್ತಿನ ಹತ್ತಿರ ಒಂದಿಷ್ಟು ಜಾಗ ಬಿಟ್ಟಿರುತ್ತದೆ. ತೋಳು ಮುಗಿಯುವಲ್ಲಿ ಮಣಿಕಟ್ಟು ಬರಿದಾಗಿರುತ್ತದೆ. ಕಿವಿಯಂತೂ ಯಾವಾಗಲೂ ಹೊರಗೇ. ಈ ಸಂದಿ ಮುಚ್ಚುವ ಸಣ್ಣ ಸಾಮಾನು ಮೊದಲು ಹೆಣೆಯಿರಿ. ಒಂದು ವಾರದಲ್ಲಿ ಮುಗಿಯುತ್ತದೆ, ಅದೇ ಚಳಿಗೆ ಹಾಕಿಕೊಳ್ಳಬಹುದು. ಸ್ವೆಟರ್ ಎಲ್ಲೂ ಓಡಿಹೋಗುವುದಿಲ್ಲ.

ಉಲ್ಲನ್ ತರಲು ಹೋದಾಗ ಉಂಡೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರೆ ಸಾಲದು. ಕೆಲಸ ಮಾಡಿದ ಬೆರಳು ಒರಟು, ಅದಕ್ಕೆ ಎಲ್ಲವೂ ಮೆತ್ತಗೇ ಕಾಣುತ್ತದೆ. ಗಲ್ಲದ ಕೆಳಗೆ ಕತ್ತಿಗೆ ಒತ್ತಿ ಒಂದು ನಿಮಿಷ ಹಿಡಿಯಿರಿ. ಅಲ್ಲಿ ಚುಚ್ಚಿದರೆ ಅದು ಮಫ್ಲರ್‌ಗೆ ಆಗದು, ಬೇಕಾದರೆ ಮನೆಯೊಳಗೆ ಹಾಕುವ ಕಾಲುಚೀಲಕ್ಕೆ ಆಗುತ್ತದೆ. ಕುರಿಯ ಉಣ್ಣೆಗೆ ಒಂದು ಗುಣ ಇದೆ. ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಉಸಿರು ಬಿಡುವ ಬಾಯಿಯ ಹತ್ತಿರ, ಬೆವರುವ ಪಾದಕ್ಕೆ ಇದು ದೊಡ್ಡ ಅನುಕೂಲ. ಅಕ್ರಿಲಿಕ್ ಒಗೆಯಲು ಸುಲಭ, ಹುಳ ತಿನ್ನುವುದಿಲ್ಲ, ಕಲಿಯುವವರಿಗೆ ಸಾಕು. ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಒಲೆಯ ಮುಂದೆ ನಿಲ್ಲುವಾಗ ನೆನಪಿರಲಿ. ಬಿಸಿ ಇಸ್ತ್ರಿಯನ್ನೂ ಅದರ ಮೇಲೆ ಇಡಬೇಡಿ. ಉಬ್ಬಿದ ಹೆಣಿಗೆ ಒಂದೇ ಸಲಕ್ಕೆ ಸತ್ತ ಬಟ್ಟೆಯಾಗಿ ಚಪ್ಪಟೆಯಾಗುತ್ತದೆ, ಮತ್ತೆ ಏಳುವುದಿಲ್ಲ. ಹತ್ತಿ ನೂಲು ಈ ಕೆಲಸಕ್ಕೆ ಬೇಡ. ಅದಕ್ಕೆ ಎಳೆತ ಕಡಿಮೆ, ಒದ್ದೆಯಾದರೆ ತಣ್ಣಗೆ ಮೈಗೆ ಅಂಟುತ್ತದೆ.

ಉಂಡೆಗೆ ಸುತ್ತಿದ ಚೀಟಿಯನ್ನು ಹರಿದು ಬಿಸಾಡಬೇಡಿ. ಎಷ್ಟು ಮಿಲಿಮೀಟರ್ ಕಡ್ಡಿ ಬೇಕು, ಹೇಗೆ ಒಗೆಯಬೇಕು, ಎಲ್ಲ ಅದರಲ್ಲಿದೆ. ಒಂದೇ ಸಲಕ್ಕೆ ಬಣ್ಣ ಹಾಕಿದ ಉಂಡೆಗಳಿಗೆ ಕೊಡುವ ನಂಬರ್ ಕೂಡ ಇರುತ್ತದೆ. ಎಲ್ಲ ಉಂಡೆಗೂ ಆ ನಂಬರ್ ಒಂದೇ ಇದೆಯಾ ನೋಡಿಕೊಳ್ಳಿ. ಒಂದು ಸಲ ನಾನು ಕೊನೆಯ ಉಂಡೆಯನ್ನು ಆಮೇಲೆ ತಂದೆ. ಅಂಗಡಿಯ ದೀಪದಲ್ಲಿ ಅದೇ ನೀಲಿ. ಮನೆಗೆ ಬಂದು ಹೆಣೆದು ಬಿಸಿಲಲ್ಲಿ ಹಿಡಿದರೆ ಮಫ್ಲರ್‌ನ ಒಂದು ತುದಿ ಮಾಸಿದ ಹಾಗಿತ್ತು.

ಮೊದಲ ಸಲ ಹೆಣೆಯುವವರು ತಿಳಿ ಬಣ್ಣ ತೆಗೆದುಕೊಳ್ಳಿ. ಕಪ್ಪು, ಕಡುನೀಲಿಯಲ್ಲಿ ರಾತ್ರಿ ಹೊತ್ತು ಕುಣಿಕೆಯೇ ಕಾಣಿಸುವುದಿಲ್ಲ. ಕಪ್ಪೇ ಬೇಕು ಅಂತ ಯಾರಾದರೂ ಹಟ ಹಿಡಿದರೆ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕೂರಿ. ಕುಣಿಕೆಗಳ ನಡುವಿನ ತೂತು ಬೆಳ್ಳಗೆ ಎದ್ದು ಕಾಣುತ್ತವೆ. ಕಡ್ಡಿ ಮರದ್ದೋ ಬಿದಿರಿನದೋ ಇರಲಿ. ಲೋಹದ ಕಡ್ಡಿಯಲ್ಲಿ ಕೈ ಬೇಗ ಓಡುತ್ತದೆ, ನಿಜ. ಆದರೆ ಕಲಿಯುವವರ ಕೈಯಲ್ಲಿ ಕುಣಿಕೆ ಜಾರಿ ಬೀಳುತ್ತದೆ, ಜೊತೆಗೆ ಚಳಿಯಲ್ಲಿ ಹಿಡಿಯಲೂ ತಣ್ಣಗೆ. ಮುಂದೆ ಹೇಳುವ ಲೆಕ್ಕವೆಲ್ಲ 8 ಪ್ಲೈ, ಅಂದರೆ ಮಧ್ಯಮ ದಪ್ಪದ ಉಲ್ಲನ್ ಮತ್ತು 4 ಮಿ.ಮೀ. ಕಡ್ಡಿಯದು. ಅದರಲ್ಲಿ 10 ಸೆಂ.ಮೀ. ಅಗಲಕ್ಕೆ ಸುಮಾರು 22 ಕುಣಿಕೆ ಬರುತ್ತವೆ. ನಿಮ್ಮ ಕೈ ಬೇರೆ ಇರಬಹುದು. ಅಂಗೈ ಅಗಲದ ಒಂದು ತುಂಡು ಹೆಣೆದು ಸ್ಕೇಲ್ ಇಟ್ಟು ಎಣಿಸಿಕೊಳ್ಳಿ.

ಇನ್ನು ಕೈ ಬಿಗಿ. ಹೊಸಬರೆಲ್ಲ ಕುಣಿಕೆ ಎಲ್ಲಿ ಬಿದ್ದುಹೋಗುತ್ತದೋ ಅಂತ ನೂಲನ್ನು ಜಗ್ಗಿ ಜಗ್ಗಿ ಹೆಣೆಯುತ್ತಾರೆ. ಬಟ್ಟೆ ಹಲಗೆಯ ಹಾಗೆ ಆಗುತ್ತದೆ. ಉಣ್ಣೆ ತಾನಾಗಿ ಶಾಖ ಕೊಡುವುದಿಲ್ಲ ಅಲ್ವಾ. ಎಳೆಗಳ ನಡುವೆ ಕೂತ ಗಾಳಿ ಮೈಯ ಬಿಸಿಯನ್ನು ಹೊರಗೆ ಬಿಡದೆ ಹಿಡಿಯುತ್ತದೆ. ಜಗ್ಗಿ ಹೆಣೆದರೆ ಆ ಗಾಳಿಗೆ ಜಾಗವೇ ಇರುವುದಿಲ್ಲ. ಹಾಗಂತ ಬಲೆಯ ಹಾಗೆ ಬಿಟ್ಟರೆ ಹೊರಗಿನ ಗಾಳಿ ನುಗ್ಗುತ್ತದೆ. ಹೆಣೆದದ್ದನ್ನು ಕಿಟಕಿಗೆ ಹಿಡಿಯಿರಿ. ಸಣ್ಣ ಸಣ್ಣ ಚುಕ್ಕಿಯಷ್ಟು ಬೆಳಕು ಕಂಡರೆ ಸರಿ, ಆಚೆ ಮರವೇ ಕಂಡರೆ ಕಡ್ಡಿ ದಪ್ಪವಾಯಿತು.

ಬಿಗಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಮೊದಲ ಸಾಲಲ್ಲಿ. ನಾನು ಹೆಣೆದ ಮೊದಲ ಟೋಪಿ ಚೆನ್ನಾಗಿಯೇ ಇತ್ತು, ತಲೆಗೆ ಮಾತ್ರ ಇಳಿಯಲಿಲ್ಲ. ಮೇಲಿನ ಹೆಣಿಗೆಯೆಲ್ಲ ಎಳೆದಷ್ಟು ಬರುತ್ತಿತ್ತು, ಕೆಳಗಿನ ಅಂಚು ತಂತಿಯ ಹಾಗೆ ನಿಂತಿತ್ತು. ಅದಕ್ಕೇ ಎರಡು ಕಡ್ಡಿ ಜೋಡಿಸಿ ಹಿಡಿದು ಅವುಗಳ ಮೇಲೆ ಕುಣಿಕೆ ಹಾಕಿ. ಆಮೇಲೆ ಒಂದು ಕಡ್ಡಿ ಎಳೆದುಬಿಡಿ. ಮುಗಿಸುವಾಗಲೂ ಒಂದು ಅಳತೆ ದಪ್ಪ ಕಡ್ಡಿಯಲ್ಲಿ ಮುಚ್ಚಿ, ಅಂದರೆ ಕುಣಿಕೆ ಬಿಚ್ಚಿಕೊಳ್ಳದ ಹಾಗೆ ಒಂದರೊಳಗೊಂದು ಹಾಯಿಸಿ ಮುಗಿಸಿ. ಶುರುವಿನಲ್ಲಿ ಎಷ್ಟು ನೂಲು ಬಿಟ್ಟುಕೊಳ್ಳಬೇಕು ಅಂತ ತುಂಬಾ ಜನ ಕೇಳುತ್ತಾರೆ. ನೂಲನ್ನು ಕಡ್ಡಿಗೆ ಹತ್ತು ಸುತ್ತು ಸುತ್ತಿ. ಅಷ್ಟು ಉದ್ದ ಹತ್ತು ಕುಣಿಕೆಗೆ. ಅದೇ ಲೆಕ್ಕದಲ್ಲಿ ಅಳೆದು, ಮೇಲೆ ಒಂದು ಗೇಣು ಜಾಸ್ತಿ ಬಿಡಿ. ಎಂಬತ್ತು ಕುಣಿಕೆ ಹಾಕಿದ ಮೇಲೆ ನೂಲು ಸಾಲದೆ ಎಲ್ಲ ಬಿಚ್ಚುವ ಕಷ್ಟ ಇರುವುದಿಲ್ಲ.

ಕತ್ತಿಗೆ ಏನು ಹೆಣೆಯುವುದು? ಎಲ್ಲರೂ ಉದ್ದ ಮಫ್ಲರ್ ಅನ್ನುತ್ತಾರೆ. 40 ಕುಣಿಕೆ ಹಾಕಿ, ಹೋಗುವಾಗಲೂ ಬರುವಾಗಲೂ ಬರೀ ಸೀದಾ (ಕುಣಿಕೆಯ ಉಬ್ಬು ಹಿಂದೆ ಬೀಳುವ ಹಾಗೆ) ಹೆಣೆದರೆ 150, 160 ಸೆಂ.ಮೀ. ಮಫ್ಲರ್ ಆಗುತ್ತದೆ. ಎರಡೂ ಬದಿ ಒಂದೇ ಥರ, ಅಂಚು ಸುರುಳಿ ಸುತ್ತುವುದಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ (ಉಬ್ಬು ಮುಂದೆ ಬೀಳುವ ಹಾಗೆ) ಹೆಣೆದರೆ ನೋಡಲು ನುಣುಪು, ಆದರೆ ಅಂಚು ಒಳಕ್ಕೆ ಸುತ್ತಿಕೊಂಡು ಮಫ್ಲರ್ ಕೊಳವೆಯಾಗುತ್ತದೆ. ಆದರೂ ನನ್ನ ಮನಸ್ಸು ಉದ್ದ ಮಫ್ಲರ್‌ಗಿಂತ ತಲೆಯ ಮೇಲಿಂದ ಹಾಕಿಕೊಳ್ಳುವ ಬಳೆಯಂಥ ಕತ್ತುಪಟ್ಟಿಯ ಕಡೆಗೇ. 50 ಕುಣಿಕೆ ಹಾಕಿ 60 ಸೆಂ.ಮೀ. ಉದ್ದ ಹೆಣೆದು ಎರಡು ತುದಿ ಸೇರಿಸಿ ಹೊಲಿಯಿರಿ, ಮುಗಿಯಿತು. ಮಫ್ಲರ್‌ಗೆ 200 ಗ್ರಾಂ ಮೇಲೆ ಬೇಕಾದರೆ ಇದಕ್ಕೆ 100 ಗ್ರಾಂ ಸಾಕು. ಜೋತಾಡುವ ತುದಿ ಇಲ್ಲ, ಬಿಚ್ಚಿಕೊಳ್ಳುವುದಿಲ್ಲ, ಎಲ್ಲೋ ಬಿಟ್ಟು ಬರುವುದೂ ಇಲ್ಲ. ಓಡಾಡುವ ಮಕ್ಕಳಿಗಂತೂ ಉದ್ದ ಮಫ್ಲರ್ ಬೇಡವೇ ಬೇಡ. ಜಾರುಬಂಡೆಗೆ, ಸೈಕಲ್ ಚಕ್ರಕ್ಕೆ ಸಿಕ್ಕಿಕೊಂಡರೆ ಕತ್ತಿಗೇ ಬರುತ್ತದೆ. ಹಸುಗೂಸಿನ ಟೋಪಿಗೂ ದಾರ, ಗುಂಡಿ, ಕುಚ್ಚು ಬೇಡ. ಕುಚ್ಚಿನ ಎಳೆ ಕಿತ್ತು ಬಾಯಿಗೆ ಹಾಕಿಕೊಳ್ಳಲು ಅವಕ್ಕೆ ಒಂದು ನಿಮಿಷ ಸಾಕು.

ನನಗೆ ಎಲ್ಲಕ್ಕಿಂತ ಇಷ್ಟ ಮಣಿಕಟ್ಟಿನ ಪಟ್ಟಿ. ಬೆರಳು ಹೊರಗೆ, ಮಣಿಕಟ್ಟು ಮತ್ತು ಅಂಗೈ ಒಳಗೆ. ಪಾತ್ರೆ ಹಿಡಿಯಬಹುದು, ಬೀಗ ತೆಗೆಯಬಹುದು, ಫೋನ್ ಒತ್ತಬಹುದು, ಹೆಣೆಯಲೂಬಹುದು! ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮಕ್ಕೆ ತೀರಾ ಹತ್ತಿರ, ನಾಡಿ ನೋಡುವುದೇ ಅಲ್ಲಿ ತಾನೆ. ಅಲ್ಲಿ ಬೆಚ್ಚಗಿದ್ದರೆ ಬೆರಳಿಗೂ ಹಿತ. 40 ಕುಣಿಕೆ ಹಾಕಿ. ಎರಡು ಸೀದಾ, ಎರಡು ಉಲ್ಟಾ, ಸಾಲಿನ ಕೊನೆಯ ತನಕ. ತಿರುಗಿಸಿ, ಮತ್ತೆ ಎರಡು ಸೀದಾದಿಂದಲೇ ಶುರು. ಒಟ್ಟು ಕುಣಿಕೆ ನಾಲ್ಕರಿಂದ ಭಾಗವಾದರೆ ಪ್ರತಿ ಸಾಲೂ ಹೀಗೇ, ತಲೆ ಓಡಿಸುವ ಕೆಲಸವಿಲ್ಲ. ಇದು ರಿಬ್ ಹೆಣಿಗೆ, ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೈಗೆ ಕೂರುತ್ತದೆ. 18 ಸೆಂ.ಮೀ. ಆದ ಮೇಲೆ ಸಡಿಲವಾಗಿ ಮುಚ್ಚಿ. ಪಟ್ಟಿಯನ್ನು ಉದ್ದಕ್ಕೆ ಮಡಚಿ, ಬೆರಳಿನ ಕಡೆಯಿಂದ 4 ಸೆಂ.ಮೀ. ಹೊಲಿಯಿರಿ. ಆಮೇಲೆ 5 ಸೆಂ.ಮೀ. ಹೆಬ್ಬೆರಳಿಗೆ ಬಿಡಿ. ಉಳಿದ 9 ಸೆಂ.ಮೀ. ಮತ್ತೆ ಹೊಲಿಯಿರಿ. ಬಿಟ್ಟ ಜಾಗದ ಎರಡು ಕೊನೆಗೂ ಎರಡೆರಡು ಸಲ ಸೂಜಿ ಹಾಕಿ, ಹರಿಯುವುದಿದ್ದರೆ ಅಲ್ಲೇ ಹರಿಯುವುದು. 50 ಗ್ರಾಂ ಒಂದು ಉಂಡೆಯಲ್ಲಿ ಎರಡು ಕೈಗೂ ಆಗುತ್ತದೆ. ಎರಡೂ ಒಂದೇ ಉದ್ದ ಬರಲು ಸಾಲು ಎಣಿಸಿ ಬರೆದಿಡಿ, ಕಣ್ಣಳತೆ ಮೋಸ ಮಾಡುತ್ತದೆ.

ಟೋಪಿಯೂ ಇದೇ ರಿಬ್‌ನ ಅಣ್ಣ. ತಲೆಯ ಸುತ್ತಳತೆಗಿಂತ 5 ಸೆಂ.ಮೀ. ಕಡಿಮೆ ಇರಬೇಕು, ಇಲ್ಲದಿದ್ದರೆ ಕಣ್ಣಿನ ಮೇಲೆ ಇಳಿಯುತ್ತದೆ. ದೊಡ್ಡವರಿಗೆ 112 ಕುಣಿಕೆ ಹಾಕಿ. ಕಿವಿಯ ಮೇಲೆ ಎರಡು ಪದರ ಮಡಚಲು ಸೇರಿಸಿ 26 ಸೆಂ.ಮೀ. ಎತ್ತರ ಹೆಣೆಯಿರಿ. ಮುಗಿಸುವ ಮೊದಲು ಒಂದು ಸಾಲಿನಲ್ಲಿ ಎರಡೆರಡು ಕುಣಿಕೆ ಸೇರಿಸಿ 56 ಮಾಡಿ. ಒಂದು ಸಾಲು ಸುಮ್ನೆ ಹೆಣೆದು ಮತ್ತೆ ಎರಡೆರಡು ಸೇರಿಸಿ 28 ಮಾಡಿ. ನೂಲು ಕತ್ತರಿಸಿ, ಸೂಜಿಯಲ್ಲಿ ಎಲ್ಲ ಕುಣಿಕೆಗೂ ಪೋಣಿಸಿ, ಚೀಲದ ಬಾಯಿ ಕಟ್ಟಿದ ಹಾಗೆ ಎಳೆದು ಗಟ್ಟಿ ಮಾಡಿ, ಬೆನ್ನಿನ ಹೊಲಿಗೆ ಹಾಕಿ.

ಪೂರ್ತಿ ಕೈ ಮುಚ್ಚುವುದು ಬೇಕಾದರೆ ಐದು ಬೆರಳಿನ ಗ್ಲೌಸ್‌ಗೆ ಹೋಗಬೇಡಿ. ನಾಲ್ಕು ಬೆರಳು ಒಂದೇ ಚೀಲದಲ್ಲಿ, ಹೆಬ್ಬೆರಳು ಬೇರೆ, ಅದೇ ಜಾಸ್ತಿ ಬೆಚ್ಚಗೆ. ಬೆರಳುಗಳು ಒಂದಕ್ಕೊಂದು ಬಿಸಿ ಕೊಡುತ್ತವೆ. ಹೆಣೆಯಲೂ ಸುಲಭ. ಕಾಲುಚೀಲ ಕಲಿತ ಮೇಲೆ ಮಾಡುವ ಕೆಲಸ. ಹೆಣೆದರೆ ನುಣುಪು ನೆಲದಲ್ಲಿ ಜಾರುತ್ತದೆ ಅನ್ನುವುದು ಮಾತ್ರ ನೆನಪಿರಲಿ, ವಯಸ್ಸಾದವರಿಗೆ ಹಾಸಿಗೆಯಲ್ಲಿ ಹಾಕಿಕೊಳ್ಳಲು ಕೊಡಿ, ನಡೆಯಲು ಬೇಡ.

ತಪ್ಪು ಆಗುತ್ತದೆ. ಕುಣಿಕೆ ಜಾರಿ ಕೆಳಗೆ ಏಣಿಯ ಹಾಗೆ ಬಿಚ್ಚಿಕೊಂಡರೆ ಗಾಬರಿಯಾಗಿ ಕಡ್ಡಿ ಎಸೆಯಬೇಡಿ. ಮೊದಲು ಆ ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಿ, ಅದು ಅಲ್ಲೇ ನಿಲ್ಲುತ್ತದೆ. ಆಮೇಲೆ ತುದಿಯಲ್ಲಿ ಕೊಕ್ಕೆ ಇರುವ ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಎತ್ತಿಕೊಂಡು ಮೇಲೆ ಬನ್ನಿ. ಕಷ್ಟದ ಹೆಣಿಗೆ ಶುರು ಮಾಡುವ ಮೊದಲು ಬೇರೆ ಬಣ್ಣದ ದಾರವನ್ನು ಸೂಜಿಯಲ್ಲಿ ಆ ಸಾಲಿನ ಎಲ್ಲ ಕುಣಿಕೆಗೂ ಪೋಣಿಸಿ ಬಿಡಿ. ಮುಂದೆ ಕೆಟ್ಟರೆ ಬಿಚ್ಚುತ್ತಾ ಬಂದಾಗ ಆ ದಾರದ ಹತ್ತಿರ ತಾನಾಗಿ ನಿಲ್ಲುತ್ತದೆ. ಹೊಸ ಉಂಡೆ ಸೇರಿಸುವಾಗ ಗಂಟು ಹಾಕಬೇಡಿ. ಸಾಲಿನ ಅಂಚಿನಲ್ಲಿ ಹೊಸದನ್ನು ಶುರು ಮಾಡಿ, ಎರಡೂ ತುದಿ ಒಂದು ಗೇಣು ಬಿಟ್ಟು, ಕೊನೆಗೆ ಸೂಜಿಯಲ್ಲಿ ಒಳಗೆ ಹಾಯಿಸಿ. ಇನ್ನೊಂದು ಮಾತು, ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿ. ಹಟಕ್ಕೆ ಬಿದ್ದು ರಾತ್ರಿಯೆಲ್ಲ ಹೆಣೆದು ಹೆಬ್ಬೆರಳಿನ ಬುಡ ಹಿಡಿದುಕೊಂಡು ಕೂತವಳು ನಾನು.

ಹೊಸ ಉಲ್ಲನ್ನೇ ಬೇಕು ಅಂತಿಲ್ಲ. ಯಾರೂ ಹಾಕದ ಹಳೇ ಸ್ವೆಟರ್ ಇದ್ದರೆ ಅದರ ಪಕ್ಕದ ಹೊಲಿಗೆ ತಿರುಗಿಸಿ ನೋಡಿ. ಅಂಚು ಕತ್ತರಿಸಿ ಮೆಷಿನ್‌ನಲ್ಲಿ ದಟ್ಟವಾಗಿ ಸುತ್ತಿ ಹೊಲಿದಿದ್ದರೆ ಬಿಟ್ಟುಬಿಡಿ, ಬಿಚ್ಚಿದರೆ ಮೊಳದುದ್ದದ ತುಂಡುಗಳೇ ಬರುತ್ತವೆ. ಸರಪಳಿಯ ಹಾಗೆ ಸೇರಿಸಿದ್ದರೆ ಚಿನ್ನ. ಹೊಲಿಗೆ ಬಿಚ್ಚಿ, ಹೆಣೆದು ಮುಗಿಸಿದ ತುದಿ ಹುಡುಕಿ ಅಲ್ಲಿಂದ ಎಳೆಯಿರಿ. ಎಳೆದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತುತ್ತಾ ಹೋಗಿ. ನಾಲ್ಕು ಕಡೆ ಸಡಿಲವಾಗಿ ದಾರ ಕಟ್ಟಿ ಲಡಿ ತೆಗೆಯಿರಿ. ನೂಲು ಆಗ ಸುರುಳಿ ಸುರುಳಿ ಕೂದಲಿನ ಹಾಗಿರುತ್ತದೆ. ಉಗುರುಬೆಚ್ಚನೆಯ ನೀರಿಗೆ ಒಂದು ಹನಿ ಶಾಂಪೂ ಹಾಕಿ ಅರ್ಧ ಗಂಟೆ ನೆನೆಸಿ, ಒತ್ತಿ ನೀರು ತೆಗೆದು, ಕೆಳಗೆ ಒಂದು ಸಣ್ಣ ಭಾರ ಕಟ್ಟಿ ನೇತುಹಾಕಿ. ಒಣಗುವಾಗ ನೆಟ್ಟಗಾಗುತ್ತದೆ. ಮೊಣಕೈ ಜಾಗದ ನೂಲು ಸವೆದಿರುತ್ತದೆ, ಎಳೆದು ನೋಡಿ ತುಂಡಾದದ್ದನ್ನು ಬಿಡಿ. ಉಂಡೆ ಸುತ್ತುವಾಗ ನಾಲ್ಕು ಬೆರಳು ಒಳಗಿಟ್ಟು ಅದರ ಮೇಲೆ ಸುತ್ತಿ, ಆಗಾಗ ಬೆರಳು ತೆಗೆದು ಬೇರೆ ಕಡೆ ಹಿಡಿಯಿರಿ. ಗಟ್ಟಿ ಚೆಂಡಿನ ಹಾಗೆ ಸುತ್ತಿದರೆ ಎಳೆಯ ಜೀವವೇ ಹೋಗುತ್ತದೆ. ನನ್ನ ಪೆಟ್ಟಿಗೆಯ ಆ ಎರಡು ಅರ್ಧ ಬೆನ್ನುಗಳೂ ಹೀಗೇ ಟೋಪಿಗಳಾದವು.

ಒಗೆಯುವುದು ತಣ್ಣೀರಿನಲ್ಲಿ, ಉಜ್ಜದೆ, ಹಿಂಡದೆ. ಟವಲ್ ಮೇಲೆ ಹರಡಿ, ಚಾಪೆಯ ಹಾಗೆ ಸುರುಳಿ ಸುತ್ತಿ, ಮೇಲೆ ಒತ್ತಿ. ಟವಲ್ ನೀರು ಕುಡಿಯುತ್ತದೆ. ಆಮೇಲೆ ನೆರಳಲ್ಲಿ ಚಪ್ಪಟೆ ಹಾಸಿ ಒಣಗಿಸಿ, ಹಗ್ಗಕ್ಕೆ ಹಾಕಿದರೆ ಜೋತು ಉದ್ದವಾಗುತ್ತದೆ. ಚಳಿ ಮುಗಿದ ಮೇಲೆ ಒಗೆಯದೆ ಎತ್ತಿಡಬೇಡಿ. ನುಸಿಯ ಮರಿಹುಳುಗಳಿಗೆ ಬೆವರು, ಎಣ್ಣೆ ಹತ್ತಿದ ಉಣ್ಣೆ ಅಂದರೆ ಪ್ರೀತಿ.

ಬಿಸಿನೀರಿನ ಪಾಠ ನನಗೆ ಕಲಿಸಿದವರು ನಮ್ಮ ಯಜಮಾನರು. ಸಹಾಯ ಮಾಡುತ್ತೇನೆ ಅಂತ ನನ್ನ ಉಣ್ಣೆ ಮಫ್ಲರನ್ನು ಸುಡುವ ನೀರಲ್ಲಿ ನೆನೆಸಿ ಚೆನ್ನಾಗಿ ತಿಕ್ಕಿದರು. ಉಣ್ಣೆಯ ಕೂದಲಿಗೆ ಮೀನಿನ ಹಾಗೆ ಸಣ್ಣ ಹುರುಪೆಗಳಿವೆ. ಬಿಸಿ, ತಿಕ್ಕಾಟ ಎರಡೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಮಫ್ಲರ್ ಅರ್ಧ ಉದ್ದಕ್ಕೆ ಬಂತು, ಕಂಬಳಿಯ ತುಂಡಿನ ಹಾಗೆ. ಎರಡು ದಿನ ನಾನು ಮಾತಾಡಲಿಲ್ಲ. ಆಮೇಲೆ ನೋಡಿದರೆ, ಹೀಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುವುದೇ ಇಲ್ಲ. ಅವರ ಬೂಟನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಅದೇ ಅಳತೆಗೆ ಒಳಗೆ ಹಾಕುವ ಎರಡು ಅಟ್ಟೆ ಕತ್ತರಿಸಿದೆ. ಮೂರು ಚಳಿಗಾಲ ಬಂದಿವೆ. ಎಡಗಾಲಿನದು ತುದಿಯಲ್ಲಿ ಸ್ವಲ್ಪ ಚಿಕ್ಕದು, ಕತ್ತರಿ ಜಾರಿತ್ತು ಅಂತ ಅವರಿಗೆ ಹೇಳಿದ್ದೇನೆ.