ಹರಿದ ಕಿವಿಗೆ ಡಾಕ್ಟರನ್ನು ಹುಡುಕಿದ್ದು

ಬೆಂಡೋಲೆ, ಜುಮುಕಿಯ ಭಾರಕ್ಕೆ ಕಿವಿಯ ತೂತು ಜಗ್ಗಿ ಜಗ್ಗಿ ಸೀಳಾಗುವುದು ನಮ್ಮ ಉಡುಪಿ ಕಡೆಯ ಹೆಂಗಸರಿಗೆ ಹೊಸತಲ್ಲ. ಹಿಂದಿನಿಂದ ಪ್ಲಾಸ್ಟರ್ ಅಂಟಿಸಿ ಓಲೆ ಸಿಕ್ಕಿಸಿಕೊಂಡು ಮದುವೆಗೆ ಬರುವವರು ಈಗಲೂ ಇದ್ದಾರೆ. ನನ್ನ ಬಲಗಿವಿಯ ತೂತು ಉದ್ದಕ್ಕೆ ಇಳಿದಿತ್ತು, ಎಡಗಿವಿ ಪೂರ್ತಿ ಎರಡಾಗಿತ್ತು. ಮಗಳ ನಿಶ್ಚಿತಾರ್ಥಕ್ಕೆ ಮೊದಲು ಸರಿಮಾಡಿಸೋಣ ಅಂತ ಹೊರಟೆ. ಸಣ್ಣ ಕೆಲಸವೇ. ಆದರೂ ಅರಿವಳಿಕೆಯ ಸೂಜಿ, ಬ್ಲೇಡು, ಹೊಲಿಗೆ ಎಲ್ಲ ಉಂಟಲ್ಲ.

ನಾನು ಸಹಕಾರಿ ಸೊಸೈಟಿಯೊಂದರ ಚಿನ್ನದ ಸಾಲದ ಕೌಂಟರಿನಲ್ಲಿ ಕೂರುವವಳು. ತಂದವರು ಎಷ್ಟೇ ದೊಡ್ಡ ಮನೆಯವರಾಗಲಿ, ಸರವನ್ನು ಒರೆಗೆ ಹಚ್ಚದೆ ಸಾಲ ಕೊಡುವುದಿಲ್ಲ. ಡಾಕ್ಟರ ವಿಷಯದಲ್ಲೂ ಅಷ್ಟೇ ಮಾಡಿದೆ.

ಮೊದಲು ಸಿಕ್ಕಿದ ಸಲಹೆ ಬ್ಯೂಟಿ ಪಾರ್ಲರ್. ‘ಹೊಲಿಗೆ ಇಲ್ಲ, ನೋವಿಲ್ಲ, ಅರ್ಧ ಗಂಟೆ’ ಅಂತ ಗಾಜಿನ ಮೇಲೆಯೇ ಬರೆದಿತ್ತು. ಹೇಗೆ ಮಾಡುತ್ತೀರಿ ಅಂತ ಕೇಳಿದರೆ, ಗಮ್ಮಿನ ಥರದ್ದು ಹಾಕುತ್ತೇವೆ, ತೂತು ಸಣ್ಣದಾದರೆ ಒಂದು ಲೋಷನ್ ಹಚ್ಚುತ್ತೇವೆ ಅಂದರು. ಹರಿದು ವರ್ಷಗಟ್ಟಲೆಯಾದ ಸೀಳಿನ ಒಳಬದಿಗೂ ಚರ್ಮ ಬೆಳೆದಿರುತ್ತದೆ. ಚರ್ಮಕ್ಕೆ ಚರ್ಮ ಒತ್ತಿ ಅಂಟಿಸಿದರೆ ಅದು ಕೂಡುವುದಿಲ್ಲ, ಗಮ್ಮು ಬಿಟ್ಟ ದಿನ ಬಾಯಿ ಬಿಡುತ್ತದೆ. ಆ ಅಂಚನ್ನು ತೆಳ್ಳಗೆ ಕೆತ್ತಿ ತೆಗೆದು, ಹಸಿ ಗಾಯಕ್ಕೆ ಹಸಿ ಗಾಯ ಸೇರಿಸಿ ಹೊಲಿದರೇ ಕೂಡುವುದು. ಇನ್ನು ಲೋಷನ್ ಅಂದರೆ ಸಾಮಾನ್ಯವಾಗಿ ಆ್ಯಸಿಡ್, ಅಂಚನ್ನು ಸುಟ್ಟು ಕುಗ್ಗಿಸುವಂಥದ್ದು. ಸಣ್ಣ ತೂತಿಗೆ ಡಾಕ್ಟರು ಅಳತೆ ನೋಡಿ ಬಳಸುವುದುಂಟು. ಪಾರ್ಲರಿನಲ್ಲಿ ಬಾಟಲಿ ತೋರಿಸಿ ಅಂದೆ. ಅದರ ಮೇಲೆ ಲೇಬಲ್ಲೇ ಇರಲಿಲ್ಲ!

ಆಮೇಲೆ ಮಂಗಳೂರಿನ ಒಂದು ಕ್ಲಿನಿಕ್. ಹೆಸರು ಬೇಡ. ಎಸಿ, ಸೋಫಾ, ಕುಡಿಯಲು ಗ್ರೀನ್ ಟೀ. ಕೂದಲು ನಾಟಿಯಿಂದ ಹೊಟ್ಟೆಯ ಕೊಬ್ಬು ತೆಗೆಯುವವರೆಗೆ ಎಲ್ಲವನ್ನೂ ಮಾಡುತ್ತಾರಂತೆ. ನನ್ನನ್ನು ಕೂರಿಸಿ ಮಾತಾಡಿದವಳು ಕೌನ್ಸೆಲರ್. ಅವಳು ನನ್ನ ಕಿವಿ ನೋಡಿದ್ದಕ್ಕಿಂತ ಹೆಚ್ಚು ಮುಖದ ಬಂಗು ನೋಡಿದಳು. ಕಿವಿಗೆ ಬಂದವಳಿಗೆ ಮುಖಕ್ಕೆ ಲೇಸರ್ ಪ್ಯಾಕೇಜು, ಅದೂ ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ. ಡಾಕ್ಟರನ್ನು ನೋಡಬೇಕು ಅಂದರೆ, ‘ಪ್ರೊಸೀಜರ್ ದಿನ ಸಿಗುತ್ತಾರೆ ಮೇಡಂ.’ ಮೇಜಿನ ಮೇಲೆ ಕತ್ತರಿಸಲು ಮಲಗಿದ ಮೇಲೆ ಡಾಕ್ಟರ ಮುಖ ನೋಡುವುದು ಎಂಥ ಕ್ರಮ ಮಾರಾಯ್ರೆ! ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವುದು 2002ರ ವೈದ್ಯಕೀಯ ನೀತಿ ನಿಯಮದ ಪ್ರಕಾರ ಡಾಕ್ಟರಿಗೆ ತಕ್ಕದ್ದಲ್ಲ. ‘ಇವತ್ತು ಮಾತ್ರ’ ಅನ್ನುವ ಮಾತು ಕೇಳಿದಲ್ಲೇ ನಾನು ಚೀಲ ಎತ್ತಿಕೊಂಡೆ.

ನಮ್ಮ ಮನೆಯವರಿಗೆ ಅಷ್ಟರಲ್ಲಿ ಹೆದರಿಕೆ ಹಿಡಿದಿತ್ತು. 2022ರಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋಗಿ ತೀರಿಕೊಂಡದ್ದನ್ನು ಅವರು ಮರೆತಿರಲಿಲ್ಲ. ಕಿವಿಯ ಕೆಲಸಕ್ಕೂ ಅದಕ್ಕೂ ಅಜಗಜಾಂತರ, ಆದರೆ ಯಾರ ಕೈ, ಯಾವ ಜಾಗ ಅನ್ನುವ ಪ್ರಶ್ನೆ ಎರಡಕ್ಕೂ ಒಂದೇ.

ಬೋರ್ಡು ಓದುವುದರಲ್ಲಿ ನಮ್ಮ ಊರಿನವರಿಗೆ ಒಂದು ವಿಶೇಷ ಗೊಂದಲ ಉಂಟು. ಹೆಸರಿನ ಕೆಳಗೆ ‘ಕೆಎಂಸಿ ನಂ.’ ಅಂತ ಇದ್ದರೆ ಡಾಕ್ಟರು ಮಣಿಪಾಲದ ಕೆಎಂಸಿಯಲ್ಲಿ, ಅಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಓದಿದವರು ಅಂತ ನಂಬಿಬಿಡುತ್ತಾರೆ. ನನ್ನ ಅತ್ತಿಗೆಯೂ ಹಾಗೆಯೇ ನಂಬಿದ್ದಳು. ಅದು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ, ಕಾಲೇಜಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಆ ಸಂಖ್ಯೆಯೇ ಬೇಕಾದದ್ದು. ಚೀಟಿಯ ಮೇಲೆ, ರಸೀದಿಯ ಮೇಲೆ ಅದನ್ನು ಹಾಕಲೇಬೇಕು ಅಂತ ಅದೇ 2002ರ ನಿಯಮ ಹೇಳುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಇದೆ. ಹೆಸರೋ ಸಂಖ್ಯೆಯೋ ಹಾಕಿದರೆ ಎಂಬಿಬಿಎಸ್ ಎಲ್ಲಿ, ಯಾವ ವರ್ಷ ಅಂತ ಬರುತ್ತದೆ. ಹೆಚ್ಚಿನ ಪದವಿ ನೋಂದಾಯಿಸಿದ್ದರೆ ಅದೂ ಕಾಣುತ್ತದೆ. ಕಾಣದಿದ್ದರೆ ಸುಳ್ಳು ಅಂತ ಅಲ್ಲ, ನೇರ ಕೇಳಿದರಾಯಿತು. ನಾನು ಪಟ್ಟಿ ಮಾಡಿಕೊಂಡವರಲ್ಲಿ ಒಬ್ಬರ ಹೆಸರು ಅಲ್ಲಿ ಸಿಗಲೇ ಇಲ್ಲ. ಕೇಳಿದರೆ ದಂತವೈದ್ಯರು. ಹಲ್ಲಿಗಾದರೆ ಹೋಗುತ್ತಿದ್ದೆ.

ಪದವಿಯ ಅಕ್ಷರಗಳನ್ನೂ ಬಿಡಿಸಿ ನೋಡಬೇಕು. ಚರ್ಮದ ಡಾಕ್ಟರು ಅಂದರೆ ಸಾಮಾನ್ಯವಾಗಿ ಎಂಡಿ ಡಿವಿಎಲ್ ಅಥವಾ ಅದಕ್ಕೆ ಸಮನಾದ ಚರ್ಮರೋಗದ ಡಿಎನ್‌ಬಿ. ಪ್ಲಾಸ್ಟಿಕ್ ಸರ್ಜನ್ ಅಂದರೆ ಸಾಮಾನ್ಯವಾಗಿ ಸರ್ಜರಿಯಲ್ಲಿ ಎಂಎಸ್ ಆದ ಮೇಲೆ ಮತ್ತೆ ಮೂರು ವರ್ಷ ಓದಿ ಎಂಸಿಎಚ್ ಮಾಡಿದವರು. ಕೆಲವು ವಿದೇಶಗಳಿಂದ ಬರುವ ‘ಎಂಡಿ’ ನಮ್ಮ ಎಂಬಿಬಿಎಸ್‌ಗೆ ಸಮ, ಆಯುರ್ವೇದದಲ್ಲೂ ಎಂಡಿ ಇದೆ. ‘ಕಾಸ್ಮೆಟಾಲಜಿಸ್ಟ್’ ಅನ್ನುವುದಂತೂ ಆಯೋಗ ಮಾನ್ಯ ಮಾಡಿದ ಸ್ನಾತಕೋತ್ತರ ಪದವಿಯೇ ಅಲ್ಲ. ಕೆಲವು ವಾರಗಳ ಕೋರ್ಸಿನ ಸರ್ಟಿಫಿಕೇಟೂ ಅದೇ ಚೌಕಟ್ಟಿನಲ್ಲಿ ತೂಗುತ್ತಿರುತ್ತದೆ. 2022ರಲ್ಲಿ ಆಯೋಗ ಕೂದಲು ನಾಟಿಯ ಬಗ್ಗೆ ಮಾರ್ಗಸೂಚಿ ತಂದಾಗ, ಕಾರ್ಯಾಗಾರ ನೋಡಿದ್ದು, ಯೂಟ್ಯೂಬ್ ನೋಡಿದ್ದು ತರಬೇತಿ ಆಗುವುದಿಲ್ಲ ಅಂತ ಬಿಡಿಸಿಯೇ ಹೇಳಬೇಕಾಯಿತು.

ಜಾಗಕ್ಕೂ ನೋಂದಣಿ ಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ಅಂದರೆ ಕೆಪಿಎಂಇ ಪ್ರಮಾಣಪತ್ರ ಗೋಡೆಯಲ್ಲಿ ಕಾಣುವಂತೆ ಇರಬೇಕು. 2024ರಲ್ಲಿ ಆರೋಗ್ಯ ಇಲಾಖೆ ಬೋರ್ಡಿನ ಬಣ್ಣವನ್ನೂ ಹೇಳಿತು: ಅಲೋಪತಿಗೆ ತಿಳಿನೀಲಿ, ಆಯುರ್ವೇದಕ್ಕೆ ಹಸಿರು.

ಮಣಿಪಾಲ, ಕಂಕನಾಡಿ, ದೇರಳಕಟ್ಟೆ ಅಂತ ನಮ್ಮ ಸುತ್ತ ಕಲಿಸುವ ಆಸ್ಪತ್ರೆಗಳಿಗೆ ಬರವಿಲ್ಲ. ಹೊರರೋಗಿ ವಿಭಾಗದಲ್ಲಿ ಕಾಯಬೇಕು, ಪಿಜಿ ವಿದ್ಯಾರ್ಥಿಗಳು ಬಂದು ನೋಡುತ್ತಾರೆ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಅದೇ ಧೈರ್ಯ, ಮಾಡಿದ್ದನ್ನು ನಾಲ್ಕು ಕಣ್ಣು ನೋಡುತ್ತವಲ್ಲ. ಕೊನೆಗೆ ನಾನು ಒಪ್ಪಿದ್ದು ಅಂಥ ಒಂದು ಕಡೆಯ ಪ್ಲಾಸ್ಟಿಕ್ ಸರ್ಜನ್ ಅನ್ನು.

ಒಪ್ಪಿದ್ದು ಯಾಕೆ ಅಂದರೆ, ಅವರು ಕಿವಿ ನೋಡುವ ಮೊದಲು ರವಿಕೆಯ ತೋಳು ಸ್ವಲ್ಪ ಮೇಲೆತ್ತಲು ಹೇಳಿದರು. ಕ್ಷಯದ ಲಸಿಕೆ ಬಿಸಿಜಿ ಚುಚ್ಚಿದ ಕಲೆಯನ್ನು ಬೆರಳಲ್ಲಿ ಸವರಿ ನೋಡಿದರು. ಆ ಕಲೆ ಉಬ್ಬಿ ಗಂಟಾಗಿದ್ದರೆ ಕಿವಿಯ ಹೊಲಿಗೆಯೂ ಕೀಲಾಯ್ಡ್ ಆಗಿ ಉಬ್ಬುವ ಸಾಧ್ಯತೆ ಹೆಚ್ಚಂತೆ, ಕಿವಿಯ ಹಾಲೆ ಅದಕ್ಕೆ ಹೆಸರಾದ ಜಾಗ. ನನ್ನದು ಚಪ್ಪಟೆ ಇತ್ತು. ಮತ್ತೆ ಶುಗರ್ ಇದೆಯಾ, ಆಸ್ಪಿರಿನ್ ತಗೊಳ್ಳುತ್ತೀರಾ, ಹಲ್ಲು ಕೀಳಿಸುವಾಗ ಇಂಜೆಕ್ಷನ್‌ಗೆ ಏನಾದರೂ ಆಗಿತ್ತಾ. ನಾನೂ ಕೇಳಿದೆ: ಹೊಲಿಯುವವರು ನೀವೇನಾ? ಉಬ್ಬಿದರೆ ಏನು ಮಾಡುತ್ತೀರಿ? ರಾತ್ರಿ ರಕ್ತ ಬಂದರೆ ಯಾರಿಗೆ ಫೋನ್ ಮಾಡಬೇಕು? ‘ನಾನೇ ಹೊಲಿಯುವುದು. ದಪ್ಪ ಆಗುತ್ತಿದೆ ಅನ್ನಿಸಿದರೆ ತಡ ಮಾಡದೆ ಬನ್ನಿ, ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇವೆ. ಸಣ್ಣ ಗೆರೆ ಅಂತೂ ಉಳಿಯುತ್ತದೆ,’ ಅಂದರು. ಗೆರೆಯೇ ಇರುವುದಿಲ್ಲ ಅಂತ ಹೇಳಿದವರು ಇಬ್ಬರು ಮೂವರು ಮೊದಲೇ ಸಿಕ್ಕಿದ್ದರು.

ಮಾಡಿದ್ದು ಹೆಚ್ಚು ಹೊತ್ತಿನ ಕೆಲಸ ಅಲ್ಲ. ಇಂಜೆಕ್ಷನ್ ಉರಿಯಿತು, ಆಮೇಲೆ ಎಳೆದದ್ದು ಗೊತ್ತಾದರೂ ನೋವು ಗೊತ್ತಾಗಲಿಲ್ಲ. ಖರ್ಚು ಕೈಯಿಂದಲೇ, ಅಂದಕ್ಕೆ ಮಾಡಿಸುವುದನ್ನು ಆರೋಗ್ಯ ವಿಮೆ ಕೊಡುವುದಿಲ್ಲ ಅಂತ ಪಾಲಿಸಿಯಲ್ಲೇ ಇರುತ್ತದೆ. ವಾರ ಕಳೆದು ಹೊಲಿಗೆ ಬಿಚ್ಚಿದರು, ಹೊಸ ತೂತಿಗೆ ಮೂರು ತಿಂಗಳು ಕಾಯಿಸಿದರು. ನಿಶ್ಚಿತಾರ್ಥಕ್ಕೆ ಬೋಳು ಕಿವಿಯೇ. ಆಮೇಲೆ ಚುಚ್ಚಿದ್ದೂ ಹಳೆಯ ಗೆರೆಯ ಮೇಲಲ್ಲ, ಸ್ವಲ್ಪ ಪಕ್ಕಕ್ಕೆ. ಕಲೆಯ ಚರ್ಮಕ್ಕೆ ಭಾರ ಹೊರುವ ಶಕ್ತಿ ಕಡಿಮೆ.

ಈಗ ಸೊಸೈಟಿಯ ಕ್ಯಾಷಿಯರ್ ಹುಡುಗಿ ಅದೇ ಡಾಕ್ಟರ ನಂಬರ್ ಕೇಳುತ್ತಿದ್ದಾಳೆ. ಅವಳ ತೋಳಿನ ಬಿಸಿಜಿ ಕಲೆ ಕಡಲೆಕಾಳಿನಷ್ಟು ಎದ್ದು ನಿಂತಿದೆ. ನಂಬರ್ ಕೊಟ್ಟೆ, ಆದರೆ ಮೊದಲು ಚರ್ಮದ ವಿಭಾಗದಲ್ಲಿ ಆ ಕಲೆ ತೋರಿಸಿ ಬಾ ಅಂದಿದ್ದೇನೆ.