ರಚ್ಚೆ ಹಿಡಿದ ಮಗುವನ್ನು ತರಗತಿಯಲ್ಲಿ ಸಂಭಾಳಿಸುವುದು ಹೇಗೆ?

ಅನೇಕ ಶಾಲೆಗಳಲ್ಲಿ ಈಗ ‘ಸಮಾಧಾನದ ಮೂಲೆ’ ಮಾಡುತ್ತಿದ್ದಾರೆ, ಅಂದರೆ ಸಿಟ್ಟು, ಅಳು ಬಂದ ಮಗು ತಾನಾಗಿ ಹೋಗಿ ಕೂತು ತಣ್ಣಗಾಗುವ ಜಾಗ. ಬಹಳ ಕಡೆ ಅದು ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷೆಯ ಹೊಸ ರೂಪವಾಗಿದೆ, ಅಷ್ಟೆ. “ಹೋಗು, ಮೂಲೇಲಿ ಕೂತ್ಕೋ” ಎಂದು ಒಮ್ಮೆ ಗದರಿದರೆ ಮುಗಿಯಿತು, ಮತ್ತೆ ಯಾವ ಮಗುವೂ ಅಲ್ಲಿಗೆ ತಾನಾಗಿ ಹೋಗುವುದಿಲ್ಲ.

ಜಾಗ ಸಿದ್ಧಮಾಡುವುದು ಸುಲಭ: ಪಕ್ಕದ ಗೋಡೆಗೆ ಒಂದು ಚಾಪೆ, ನೀರಿನ ಬಾಟಲಿ, ಸ್ಲೇಟು, ಬಳಪ, ಹಿಡಿ ಜೇಡಿಮಣ್ಣು. ಮಗು ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು, ಗೋಡೆಗೆ ಮುಖ ಮಾಡಿ ಕೂರಬಾರದು. ಅಂಗಡಿಯ ನಗುಮುಖದ ಚಾರ್ಟಿಗೆ ದುಡ್ಡು ಹಾಕಬೇಡಿ. ಇಪ್ಪತ್ತು ಮುಖಗಳಲ್ಲಿ ತನ್ನದು ಯಾವುದೆಂದು ಆರು ವರ್ಷದ ಮಗುವಿಗೆ ಹೊಳೆಯುವುದಿಲ್ಲ. ಸಿಟ್ಟು, ಬೇಜಾರು, ಭಯ, ಖುಷಿ, ಈ ನಾಲ್ಕು ಸಾಕು, ಮಕ್ಕಳೇ ಬರೆಯಲಿ.

ಮೊದಲ ವಾರ ಎಲ್ಲರೂ ಸರದಿಯಲ್ಲಿ ಮೂರು ನಿಮಿಷ ಅಲ್ಲಿ ಕೂತು ನೋಡಲಿ. ನೂಕುನುಗ್ಗಲಾಗುತ್ತದೆ, ಆಗಲಿ. ಹೊಸದೆಂಬ ಆಸೆ ಬೇಗ ಇಳಿಯುತ್ತದೆ. ಪ್ರಾರ್ಥನೆಯಾದ ಮೇಲೆ ದಿನಾ ಒಂದು ನಿಮಿಷ ಉಸಿರಾಟ ಮಾಡಿಸಿ. ಮೂರು ಎಣಿಸುತ್ತ ಒಳಗೆ, ಐದು ಎಣಿಸುತ್ತ ಹೊರಗೆ, ಬಿಸಿ ಹಾಲು ಆರಿಸಲು ಊದಿದ ಹಾಗೆ. ಸಿಟ್ಟು ನೆತ್ತಿಗೇರಿದಾಗ ಇದನ್ನು ಹೊಸದಾಗಿ ಕಲಿಸಲು ಆಗುವುದಿಲ್ಲ.

ಎಲ್ಲರೂ ಎಡವುವುದು ಮಗು ಪುಸ್ತಕ ಎಸೆದು ಕಿರುಚುವ ಆ ಐದು ನಿಮಿಷದಲ್ಲಿ. ಮೊದಲು ಉಳಿದ ಮಕ್ಕಳಿಗೆ ಬೋರ್ಡಿನಲ್ಲಿರುವುದನ್ನು ಬರೆದುಕೊಳ್ಳಲು ಹೇಳಿ. ನಲವತ್ತು ಜೊತೆ ಕಣ್ಣು ದಿಟ್ಟಿಸುತ್ತಿದ್ದರೆ ಯಾವ ಮಗುವೂ ಹಟ ಬಿಡುವುದಿಲ್ಲ. ಪಕ್ಕದಲ್ಲಿ ಕೈಗೆಟಕುವವರು ಯಾರಾದರೂ ಇದ್ದರೆ ಅವರನ್ನು ಸರಿಸಿ, ಕಂಪಾಸ್ ಪೆಟ್ಟಿಗೆ ಎತ್ತಿಡಿ. ಆಮೇಲೆ ಎದುರಿಗೆ ನಿಲ್ಲದೆ, ಒಂದು ಮಾರು ದೂರದಲ್ಲಿ, ಮಗ್ಗುಲಿಗೆ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ದನಿ ಮಗುವಿನ ದನಿಗಿಂತ ಕೆಳಗಿರಲಿ. “ತುಂಬಾ ಸಿಟ್ಟು ಬಂದಿದೆ ಅಲ್ವಾ ಪುಟ್ಟ. ನಾನು ಇಲ್ಲೇ ಇದ್ದೀನಿ.” ಇಷ್ಟು ಹೇಳಿ ಸುಮ್ಮನಾಗಿ. ಈ ಸುಮ್ಮನಾಗುವುದೇ ಕಷ್ಟ. ಅರ್ಧ ನಿಮಿಷದಲ್ಲೇ “ಯಾಕೆ ಹೀಗ್ಮಾಡ್ದೆ?” ಎಂದು ಬಾಯಿಗೆ ಬರುತ್ತದೆ, ಕೇಳಬೇಡಿ. ಕುದಿಯುತ್ತಿರುವಾಗ ಕಾರಣ ಹೊಳೆಯುವುದಿಲ್ಲ, ಪ್ರಶ್ನೆ ಬೈಗುಳವಾಗಿ ಕೇಳಿಸುತ್ತದೆ. ರಟ್ಟೆ ಹಿಡಿದು ಎಳೆಯಬೇಡಿ. ಕೇಳದೆ ತಬ್ಬಿಕೊಳ್ಳಲೂ ಬೇಡಿ, ಕೆಲವು ಮಕ್ಕಳಿಗೆ ಮುಟ್ಟಿದರೆ ಹೆದರಿಕೆ. ಉಸಿರು ನಿಧಾನವಾದಾಗ ಎರಡು ಆಯ್ಕೆ ಕೊಡಿ: “ಚಾಪೆ ಮೇಲೆ ಕೂರ್ತೀಯಾ, ಇಲ್ಲೇ ಇರ್ತೀಯಾ?” ಎರಡೂ ನಿಮಗೆ ಒಪ್ಪಿಗೆಯಾಗಿರಬೇಕು.

ಮಾತುಕತೆ ಅರ್ಧ ಗಂಟೆ ಬಿಟ್ಟು, ನೀವು ಮತ್ತು ಮಗು ಇಬ್ಬರೇ ಇರುವಾಗ. ಏನಾಯ್ತು? ಆಗ ನಿಂಗೆ ಏನನ್ನಿಸ್ತು? ಈಗ ಸರಿಮಾಡೋಕೆ ಏನು ಮಾಡೋಣ? ಬಲವಂತದ ‘ಸಾರಿ’ ಬೇಡ. ಹರಿದ ಪುಟಕ್ಕೆ ಅಂಟು ಹಚ್ಚಿಕೊಡಲಿ, ಅದು ನಿಜವಾದ ಕ್ಷಮೆ.

ಮಾನಿಟರ್ ಕೈಯಲ್ಲಿ ಮಾತಾಡಿದವರ ಹೆಸರು ಬರೆಸುವ ಪದ್ಧತಿಯನ್ನು ಇವತ್ತೇ ನಿಲ್ಲಿಸಿ. ಅದು ಮಕ್ಕಳಲ್ಲಿ ಚಾಡಿಯನ್ನೂ ಹಗೆಯನ್ನೂ ಬೆಳೆಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೆಸರು ಬರೆಸುವ ಬದಲು ಒಳ್ಳೆಯದನ್ನು ಕಂಡ ಕೂಡಲೇ ಹೆಸರಿಟ್ಟು ಹೇಳಿ. ‘ವೆರಿ ಗುಡ್’ ಎಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. “ಅವಳು ಬರೆದು ಮುಗಿಸೋವರೆಗೂ ರಬ್ಬರಿಗೆ ಕಾದೆಯಲ್ಲ, ಚೆನ್ನಾಗಿತ್ತು” ಎಂದರೆ ನಾಳೆಯೂ ಕಾಯುತ್ತದೆ.

ಮಗು ರಚ್ಚೆ ಹಿಡಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಿ: ದಿನ, ಹೊತ್ತು, ಅದಕ್ಕೆ ಮೊದಲು ಏನು ನಡೆದಿತ್ತು. ಎರಡು ವಾರದಲ್ಲಿ ಜಾಡು ಸಿಗುತ್ತದೆ. ಬಿಸಿಯೂಟಕ್ಕೆ ಮೊದಲೇ ಹೆಚ್ಚಾಗಿದ್ದರೆ ಬೆಳಿಗ್ಗೆ ತಿಂದು ಬಂದಿದೆಯೇ ಎಂದು ಕೇಳಿ. ಓದುವ ಪೀರಿಯಡ್ಡಿನಲ್ಲೇ ಆಗುತ್ತಿದ್ದರೆ ಅಕ್ಷರ ಕೂಡಿಸಲು ಬರುತ್ತಿದೆಯೇ ನೋಡಿ.

ಮಗು ವಾರಗಟ್ಟಲೆ ಮಂಕಾಗಿದ್ದರೆ ಪೋಷಕರನ್ನು ಕರೆದು ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಉಚಿತವಾಗಿ ಕೇಳಬಹುದು. ಸಾಯುವ ಮಾತಾಡಿದರೆ ಅದೇ ದಿನ ಇವೆರಡನ್ನೂ ಮಾಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಹಿಂಸೆಯ ಅನುಮಾನವಿದ್ದರೆ ಮನೆಯವರಿಗೆ ಹೇಳುವ ಮೊದಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಿ. ಲೈಂಗಿಕ ದೌರ್ಜನ್ಯವೆಂದು ತಿಳಿದರೆ ಮಕ್ಕಳನ್ನು ಅದರಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಮಗುವನ್ನು ಮತ್ತೆ ಮತ್ತೆ ಕೆದಕದೆ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೊಳ್ಳಿ.